ಬೊಂಬೆಗಾಡಿಗಳ ಜೀರ್ಣೋದ್ಧಾರ

ಹೊಸ ದೇವಾಲಯವೊಂದನ್ನು ಕಟ್ಟಿಸುವುದಕ್ಕಿಂತ ಹಾಳುಬಿದ್ದುದನ್ನು ಎತ್ತಿ ನಿಲ್ಲಿಸುವುದು ಮಿಗಿಲಾದ ಪುಣ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕೆರೆ ಬಾವಿಗಳಿಗೂ ಈ ಮಾತು ಸಲ್ಲುವುದು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಹೊಸದನ್ನು ಕಟ್ಟುವವನು ತನ್ನ ಮನಸ್ಸಿಗೆ ಒಪ್ಪಿದಂತೆ ಕಟ್ಟಬಹುದು. ಹಳೆಯದನ್ನು ಉದ್ಧರಿಸುವವನಾದರೋ ಇನ್ನೊಬ್ಬನ ಮನಸ್ಸಿಗೆ ಅಧೀನನಾಗಿ ದುಡಿಯಬೇಕು. ಆಗಮಜ್ಞರು ಈ ಕೆಲಸಕ್ಕೆ ಕೈಯಿಡುವ ಮೊದಲು ಒಂದು ವಿಧಿಯನ್ನು ನಡಸುವರು. ಬಿಂಬದಲ್ಲಿರುವ ದೇವತೆಯ ಕಲೆಯನ್ನು ಮಂತ್ರಪೂರ್ವಕವಾಗಿ ನೀರು ತುಂಬಿದ ಕುಂಭಕ್ಕೆ ಆಕರ್ಷಿಸಿ, ಬಾಲಾಲಯದಲ್ಲಿಟ್ಟು ಪೂಜಿಸುತ್ತಿದ್ದು, ಕೆಲಸವೆಲ್ಲ ಮುಗಿದ ತರುವಾಯ ಅದನ್ನು ಮರಳಿ ನೆಲೆಗೊಳಿಸುವರು. ಶಿಲ್ಪಿಯ ಉಳಿ ಬೀಳುವಾಗ ಕಲ್ಲಿನಲ್ಲಿ ಕಲ್ಲು ಮಾತ್ರವೇ ಇರಬೇಕು, ಉಳಿದುದು ಬೇರೆಡೆಯಲ್ಲಿ ಭದ್ರವಾಗಿರಬೇಕು ಎಂಬುದು ಇದರ ತಾತ್ಪರ್ಯವಾಗಿರಬಹುದು.

ಎರಡು ಅಂಗೈಗಳ ಮೇಲೆ ನಿಲ್ಲುವ ಬೊಂಬೆಗಾಡಿಯೊಂದರ ವಿಷಯದಲ್ಲಿ ಇಂಥ ಮಾತನ್ನು ಎತ್ತುವುದು ಅತಿಯಾಯಿತೆಂದು ವಾಚಕರಿಗೆ ತೋರಬಹುದು. ಆದರೆ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದ ಒಂದು ಮನೆಯ ನೆಲಮಾಳಿಗೆಯಲ್ಲಿ, ವಯಸ್ಸು ಎಪ್ಪತ್ತನ್ನು ದಾಟಿದ ಗೃಹಸ್ಥನೊಬ್ಬನು ಬಹುಕಾಲದಿಂದ ಮಾಡುತ್ತ ಬಂದಿರುವುದು ಜೀರ್ಣೋದ್ಧಾರವೇ ಹೊರತು ಬೇರೆಯಲ್ಲ. ಅದರಲ್ಲಿ ಅವನಿಗೆ ಒದಗಿದ ಒಂದು ಸೋಲು, ಇದಕ್ಕಿಂತ ದೊಡ್ಡ ಉದ್ಧಾರಗಳಿಗೆ ಕೈಹಾಕುವವರೂ ಕೇಳತಕ್ಕದ್ದಾಗಿದೆ. ಅದನ್ನು ತಿಳಿಯಬೇಕಾದರೆ ಮೊದಲು ಆ ಬೊಂಬೆಗಾಡಿಗಳ ಕುಲಗೋತ್ರವನ್ನು ಅರಿಯುವುದು ಆವಶ್ಯಕ.

ಡೆಟ್ರಾಯಿಟ್ ಮೋಟಾರುಗಾಡಿಗಳ ತವರು. ಫೋರ್ಡ್, ಜನರಲ್ ಮೋಟರ್ಸ್, ಕ್ರೈಸ್ಲರ್ ಎಂಬ ಮೂರು ಮಹಾಸಂಸ್ಥೆಗಳು ಬೆಳೆದದ್ದು ಆ ಪ್ರಾಂತದಲ್ಲಿಯೇ. ಅಲ್ಲಿ ದೊಡ್ಡ ಗಾಡಿಯೂ ಮೊದಲು ಸಣ್ಣ ಗಾಡಿಯಾಗಿ ಹುಟ್ಟುವುದು ವಾಡಿಕೆ. 1927ರಲ್ಲಿ ಜನರಲ್ ಮೋಟರ್ಸಿನವರು ಗಾಡಿಗಳ ರೂಪವನ್ನು ಕಲ್ಪಿಸುವುದಕ್ಕೆಂದೇ ಒಂದು ವಿಭಾಗವನ್ನು ಏರ್ಪಡಿಸಿ, ಹಾರ್ಲಿ ಅರ್ಲ್ ಎಂಬಾತನನ್ನು ಅದಕ್ಕೆ ಮುಖ್ಯಸ್ಥನನ್ನಾಗಿ ಮಾಡಿದರು. ಜೇಡಿಮಣ್ಣಿನಲ್ಲಿ ಮಾದರಿಯನ್ನು ತಿದ್ದಿ ತೀಡಿ, ಕಣ್ಣಿಗೆ ಒಪ್ಪಿದ ಮೇಲೆಯೇ ಉಕ್ಕಿನ ಹಾಳೆಯನ್ನು ಮುಟ್ಟುವ ಪದ್ಧತಿ ಅಲ್ಲಿ ಬಲವಾಗಿ ಬೇರೂರಿತು. ಅಂಥ ಊರಿನ ಮಗ್ಗುಲಲ್ಲಿ ಸಣ್ಣ ಗಾಡಿಗಳನ್ನು ಮಾಡಿ ಮಾರುವವರು ತಲೆಯೆತ್ತಿದುದು ಆಶ್ಚರ್ಯವಲ್ಲ. 1948ರಲ್ಲಿ ಆರಂಭವಾದ ಎ. ಎಂ. ಟಿ. ಎಂಬ ಸಂಸ್ಥೆ ಮೊದಲು ಅಲ್ಯುಮಿನಿಯಮ್ಮಿನ ಗಾಡಿಗಳನ್ನು ಮಾಡುತ್ತಿದ್ದಿತು. ಹೆಸರಿನ ಮೊದಲ ಅಕ್ಷರ ಆ ಲೋಹದ್ದೇ. ಬಳಿಕ ಅವರು ಪ್ಲಾಸ್ಟಿಕ್ಕಿಗೆ ತಿರುಗಿಕೊಂಡರು. ಜಾನ್ ಹೇನ್ಲೆ ಎಂಬಾತನ ಜೋ-ಹ್ಯಾನ್ ಸಂಸ್ಥೆಯೂ ಹೆಚ್ಚು ಕಡಮೆ ಅದೇ ಕಾಲದ್ದು. ಇವರು ಮಾಡಿದ ಗಾಡಿಗಳನ್ನು ಮೋಟಾರು ವ್ಯಾಪಾರಿಗಳು ಅಂಗಡಿಯ ಹಲಗೆಯ ಮೇಲೆ ಇಟ್ಟುಕೊಂಡು, ತಂದೆ ದೊಡ್ಡ ಗಾಡಿಯನ್ನು ನೋಡುತ್ತಿರುವಾಗ ಮಗನ ಕೈಗೆ ಸಣ್ಣದನ್ನು ಕೊಡುವರು. ನಿಜವಾದ ಗಾಡಿಯ 25 ಅಂಗುಲಕ್ಕೆ ಇದರಲ್ಲಿ ಒಂದು ಅಂಗುಲ. ರೇಖೆಗಳು ಕಾರ್ಖಾನೆಯ ನಕ್ಷೆಯಿಂದ ಬಂದವು. ಬಣ್ಣವೂ ಆ ವರ್ಷದ ದೊಡ್ಡ ಗಾಡಿಗಳ ಬಣ್ಣವೇ.

1958ರಲ್ಲಿ ಎ. ಎಂ. ಟಿ.ಯವರಿಗೆ ಒಂದು ಒಳ್ಳೆಯ ಯೋಚನೆ ಹೊಳೆಯಿತು. ಅದೇ ಗಾಡಿಯನ್ನು ಜೋಡಿಸದೆ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಹುಡುಗರಿಗೆ ಮಾರಿದರೆ ಹೇಗೆ? ಅಷ್ಟೇ ಅಲ್ಲ, ಒಂದೇ ಪೆಟ್ಟಿಗೆಯ ಸಾಮಗ್ರಿಯಿಂದ ಮೂರು ಬಗೆಯಲ್ಲಿ ಕಟ್ಟುವಂತೆ ಹೆಚ್ಚಿನ ಭಾಗಗಳನ್ನು ಸೇರಿಸಿಕೊಟ್ಟರೆ? ಕಾರ್ಖಾನೆಯಿಂದ ಬಂದಂತೆ ಒಂದು, ಅಲಂಕಾರಪ್ರಿಯರು ಮಾರ್ಪಡಿಸಿದಂತೆ ಒಂದು, ಪಂದ್ಯಕ್ಕೆ ಓಡುವಂತೆ ಒಂದು: ಹೀಗೆ ಮೂರು ರೂಪ. ಸೂತ್ರವೊಂದಕ್ಕೆ ಮೂವರು ಆಚಾರ್ಯರ ಭಾಷ್ಯವಿದ್ದಂತೆ. ಬೆಲೆ ಸುಮಾರು ಒಂದೂವರೆ ಡಾಲರು. ಈ ಪೆಟ್ಟಿಗೆಗಳಿಗೆ ಕಿಟ್ ಎಂದು ಹೆಸರು. ಇವುಗಳ ಪ್ರಚಾರ ಎಷ್ಟರಮಟ್ಟಿಗೆ ಬೆಳೆಯಿತೆಂದರೆ, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಬಾಲ್ಯವನ್ನು ಕಳೆದ ಅಮೆರಿಕದ ಹುಡುಗರಲ್ಲಿ ಒಂದನ್ನಾದರೂ ಕಟ್ಟದೆ ಬೆಳೆದವರು ವಿರಳ. ಕ್ಯಾಲಿಫೋರ್ನಿಯದ ರೆವೆಲ್, ಷಿಕಾಗೋ ನಗರದ ಮಾನೊಗ್ರಾಂ ಸಂಸ್ಥೆಗಳೂ ಸ್ಪರ್ಧೆಯಲ್ಲಿದ್ದವು, 1963ರಲ್ಲಿ ಎಂ. ಪಿ. ಸಿ. ಎಂಬ ಮತ್ತೊಂದು ಸಂಸ್ಥೆ ಮಿಷಿಗನ್ನಿನಲ್ಲಿಯೇ ಹುಟ್ಟಿತು.

ಈ ಕಿಟ್ಟುಗಳ ಮೂಲದ್ರವ್ಯ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಇದರ ಹೆಸರಿನ ಬೇರನ್ನು ಹುಡುಕಿಹೊರಟರೆ ಸಂಸ್ಕೃತವನ್ನು ಓದಿದವರಿಗೆ ಒಂದು ಹಳೆಯ ಪರಿಚಯ ಎದುರಾಗುವುದು. 1839ರಲ್ಲಿ ಬರ್ಲಿನ್ನಿನ ಔಷಧಿಕಾರನಾದ ಎಡ್ವರ್ಡ್ ಸೀಮೋನನು ಸ್ಟೋರಾಕ್ಸ್ ಎಂಬ ಮರದ ಅಂಟನ್ನು ಬಟ್ಟಿಯಿಳಿಸಿ ಒಂದು ದ್ರವವನ್ನು ಪಡೆದನು. ಆ ಅಂಟಿನ ಹೆಸರೇ ದ್ರವಕ್ಕೂ ಬಂದಿತು. ಗ್ರಂಧಿಗೆ ಅಂಗಡಿಯಲ್ಲಿ ಶಿಲಾರಸವೆಂದು ದೊರೆಯುವ ಸುಗಂಧದ್ರವ್ಯ ಇದರ ಬಳಗಕ್ಕೆ ಸೇರಿದುದು. ಅಮರಸಿಂಹನು ತುರುಷ್ಕ, ಸಿಹ್ಲ, ಯಾವನ ಎಂಬ ಪರ್ಯಾಯಗಳನ್ನು ಕೊಟ್ಟಿರುವುದು ಇದಕ್ಕೇ. ಹೊರದೇಶದಿಂದ ಬಂದ ಪದಾರ್ಥವೆಂಬುದನ್ನು ಆ ಹೆಸರುಗಳೇ ಸಾರುತ್ತಿವೆ. ಈಗ ಅದನ್ನು ಮರದಿಂದಲ್ಲದೆ ಕಲ್ಲೆಣ್ಣೆಯಿಂದ ತೆಗೆಯುವರು. ಮಿಷಿಗನ್ನಿನ ಮಿಡ್ಲೆಂಡ್ ಎಂಬ ಊರಿನಲ್ಲಿರುವ ಡೌ ಸಂಸ್ಥೆಯವರು 1930ರ ದಶಕದ ಕೊನೆಯ ಹೊತ್ತಿಗೆ ಇದರ ಪ್ಲಾಸ್ಟಿಕ್ಕನ್ನು ಹೇರಳವಾಗಿ ತಯಾರಿಸತೊಡಗಿದ್ದರು. ಕಾದಾಗ ನೀರಿನಂತೆ ಹರಿದು ಅಚ್ಚಿನ ಮೂಲೆಮೂಲೆಯನ್ನೂ ಮುಟ್ಟುವುದು, ಆರಿದಾಗ ಹೆಚ್ಚು ಕುಗ್ಗದೆ ನಿಲ್ಲುವುದು ಇದರ ಗುಣ. ಇದಕ್ಕೆ ಮೊದಲು ಬಳಕೆಯಲ್ಲಿದ್ದ ಅಸಿಟೇಟ್ ಪ್ಲಾಸ್ಟಿಕ್ಕಿನ ಗಾಡಿಗಳು ಕಾಲಕ್ರಮದಲ್ಲಿ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗಿಹೋಗಿವೆ. ಅವನ್ನು ನೆಟ್ಟಗೆ ಮಾಡುವ ಉಪಾಯವಿಲ್ಲವೆಂದೇ ಹೇಳಬೇಕು.

ಪಾಲಿಸ್ಟೈರೀನಿನ ಮತ್ತೊಂದು ಗುಣವೇ ಈ ಪ್ರಬಂಧಕ್ಕೆ ಮುಖ್ಯವಾದುದು. ಇದನ್ನು ಅಂಟಿಸುವ ಅಂಟು ನಿಜವಾಗಿ ಅಂಟಲ್ಲ. ಪ್ಲಾಸ್ಟಿಕ್ಕನ್ನು ಕರಗಿಸುವ ದ್ರಾವಕ. ಎರಡು ಭಾಗಗಳ ಅಂಚುಗಳನ್ನು ಅದು ಕ್ಷಣಕಾಲ ಕರಗಿಸುವುದು. ಅವು ಒಂದರೊಳಗೊಂದು ಬೆರೆಯುವುವು. ದ್ರಾವಕ ಆರಿಹೋದ ಮೇಲೆ ಅಲ್ಲಿ ಎರಡು ಭಾಗಗಳಿಲ್ಲ, ಒಂದೇ. ಅಂಟು ಮೆತ್ತಿದ ಬೆರಳು ಗಾಡಿಯ ಮೈಗೆ ಸೋಕಿದರೆ ಆ ಸ್ಥಳವೂ ಕರಗಿ, ಮೇಣದ ಮೇಲೆ ಮುದ್ರೆಯೊತ್ತಿದಂತೆ ಬೆರಳಿನ ಸುಳಿ ಅಲ್ಲಿ ಅಚ್ಚೊತ್ತಿ ನಿಲ್ಲುವುದು. ಹನ್ನೆರಡು ವರ್ಷದ ಹುಡುಗನಿಗೆ ಅಂಟಿನ ಕೊಳವೆಯಿಂದ ಬೇಕಾದಷ್ಟನ್ನೇ ಹಿಂಡುವ ತಾಳ್ಮೆ ಎಲ್ಲಿಯದು? ಆದ್ದರಿಂದ ಆ ಕಾಲದ ಬೊಂಬೆಗಾಡಿಗಳಲ್ಲಿ ಮುಂಗಾಜು ಮಬ್ಬಾಗದೆ ಉಳಿದುದಾಗಲಿ, ಎಲ್ಲಾದರೊಂದು ಕಡೆ ಬೆರಳಿನ ಗುರುತಿಲ್ಲದುದಾಗಲಿ ಅಪೂರ್ವ. ಈ ಅಂಟಿನ ಆವಿಯನ್ನು ಮತ್ತಿಗಾಗಿ ಮೂಸುವ ದುರಭ್ಯಾಸ ಕೆಲವು ಮಕ್ಕಳಲ್ಲಿ ಹಬ್ಬಿದಾಗ, 1960ರ ದಶಕದ ಕೊನೆಯಲ್ಲಿ ಟೆಸ್ಟರ್ಸ್ ಎಂಬ ಸಂಸ್ಥೆಯವರು ತಮ್ಮ ಅಂಟಿಗೆ ಸಾಸುವೆಯ ಘಾಟಿನ ತೈಲವನ್ನು ಬೆರಸಿದರು. ಒಗ್ಗರಣೆಯ ಮುಂದೆ ನಿಂತು ಬಲ್ಲವರಿಗೆ ಆ ಉಪಾಯದ ಬಲವನ್ನು ವಿವರಿಸಬೇಕಾಗಿಲ್ಲ.

ಹುಡುಗರು ಕಟ್ಟಿದ ಗಾಡಿಗಳ ಮುಂದಿನ ಗತಿ ಏನಾಯಿತು? ಕೆಲವು ಕಪಾಟಿನ ಮೇಲೆ ಧೂಳು ಹಿಡಿದವು. ಕೆಲವನ್ನು ಅವುಗಳ ಕರ್ತೃಗಳೇ ಪಟಾಕಿ ಇಟ್ಟು ಸಿಡಿಸಿದರು, ಗಾಳಿಕೋವಿಯಿಂದ ಹೊಡೆದು ಬೀಳಿಸಿದರು. ಆ ದೇಶದಲ್ಲಿ ಇದು ಬಾಲಲೀಲೆಗಳಲ್ಲಿ ಒಂದೆಂದು ಎಣಿಕೆ. ಉಳಿದವು ಅಟ್ಟ ಸೇರಿ, ಬೇಸಗೆಯ ಧಗೆಯಲ್ಲಿಯೂ ಚಳಿಗಾಲದ ಹಿಮದಲ್ಲಿಯೂ ದಶಕಗಳನ್ನು ಕಳೆದವು. ಇತ್ತ ಕಾರ್ಖಾನೆಯಲ್ಲಿ ಇನ್ನೊಂದು ನಷ್ಟ ಸದ್ದಿಲ್ಲದೆ ನಡೆಯುತ್ತಿದ್ದಿತು. ಗಾಡಿಗಳ ರೂಪ ವರ್ಷವರ್ಷಕ್ಕೂ ಬದಲಾಗುತ್ತಿದ್ದುದರಿಂದ, ಬೊಂಬೆಯವರು ಈ ವರ್ಷದ ಉಕ್ಕಿನ ಅಚ್ಚನ್ನೇ ಕೊರೆದು ತಿದ್ದಿ ಮುಂದಿನ ವರ್ಷದ ಗಾಡಿಗೆ ಒಗ್ಗಿಸುತ್ತಿದ್ದರು. ತಾಳೆಯೋಲೆಯ ಮೇಲಿನ ಅಕ್ಷರವನ್ನು ಹೆರೆದು ಅದರ ಮೇಲೆಯೇ ಬೇರೊಂದು ಗ್ರಂಥವನ್ನು ಬರೆದಂತಾಯಿತು. ಹೀಗೆ ಹಲವು ಗಾಡಿಗಳ ಅಚ್ಚು ಶಾಶ್ವತವಾಗಿ ಇಲ್ಲವಾಯಿತು. ಎ. ಎಂ. ಟಿ., ಎಂ. ಪಿ. ಸಿ. ಎಂಬ ಹೆಸರುಗಳು ಕೈಯಿಂದ ಕೈಗೆ ದಾಟಿ ಈಗ ರೌಂಡ್ 2 ಎಂಬ ಸಂಸ್ಥೆಯಲ್ಲಿ ನಿಂತಿವೆ; ಅವರು ಕಳೆದುಹೋದ ಕೆಲವು ಅಚ್ಚುಗಳನ್ನು ಈಚಿನ ವರ್ಷಗಳಲ್ಲಿ ಮತ್ತೆ ಕೊರೆಸಿರುವುದುಂಟು. ಆದರೆ ಎಲ್ಲವನ್ನೂ ಕೊರೆಸುವುದು ಸಾಧ್ಯವೆ? ಆದಕಾರಣ ಅಟ್ಟದಲ್ಲಿ ಬಿದ್ದ ಮುರುಕು ಗಾಡಿಯೇ ಎಷ್ಟೋ ರೂಪಗಳಿಗೆ ಉಳಿದಿರುವ ಪ್ರಮಾಣ. ಇದರಿಂದಲೇ ಅವುಗಳ ಉದ್ಧಾರವೆಂಬ ಕಲೆ ಹುಟ್ಟಿತು.

ಮೊದಲು ಹೇಳಿದ ಗೃಹಸ್ಥನು ತನ್ನ ವೃತ್ತಿಕಾಲದಲ್ಲಿ ಮೋಟಾರುಗಾಡಿಯ ಬಾಗಿಲು ಮುಚ್ಚಳಗಳನ್ನು ಒತ್ತುವ ಉಕ್ಕಿನ ಅಚ್ಚುಗಳನ್ನು ಕೊರೆಯುತ್ತಿದ್ದವನು. ಅಂಗುಲದ ಸಾವಿರದಲ್ಲೊಂದು ಭಾಗ ಹೆಚ್ಚು ಕಡಮೆಯಾದರೂ ಅವನ ಬೆರಳಿಗೆ ತಿಳಿಯುತ್ತಿದ್ದಿತು. ನಿವೃತ್ತನಾದ ಮೇಲೆ ಅವನ ಕೈ ಸುಮ್ಮನಿರಲೊಲ್ಲದಾಯಿತು. ಹಳೆಯ ಸಾಮಾನಿನ ಸಂತೆಗಳಲ್ಲಿ ಮುರುಕು ಗಾಡಿಗಳನ್ನು ಕೊಂಡು ಸರಿಮಾಡುತ್ತ ಬಂದನು. ಕ್ರಮೇಣ ಬಲ್ಲವರು ತಮ್ಮವನ್ನೂ ತಂದುಕೊಡತೊಡಗಿದರು.

ಅವನ ಕೆಲಸದ ಕ್ರಮ ನೋಡತಕ್ಕದ್ದು. ಗಾಡಿ ಕೈಗೆ ಬಂದೊಡನೆ ಅವನು ಏನನ್ನೂ ಮುಟ್ಟುವುದಿಲ್ಲ. ದೀಪದ ಕೆಳಗಿಟ್ಟು ಒಂದೆರಡು ದಿನ ಸುಮ್ಮನೆ ನೋಡುವನು. ಬಳಿಕ ಬಿಚ್ಚುವ ಕೆಲಸ. ಒಂದಾಗಿ ಬೆರೆತ ಕೀಲುಗಳನ್ನು ಬಿಡಿಸುವುದು ಸುಲಭವಲ್ಲವಷ್ಟೆ. ಅದಕ್ಕಾಗಿ ಗಾಡಿಯನ್ನು ಹಿಮದ ಪೆಟ್ಟಿಗೆಯಲ್ಲಿ ರಾತ್ರಿಯೆಲ್ಲ ಇಡುವನು. ಚಳಿಗೆ ಹಳೆಯ ಅಂಟಿನ ಕೀಲು ಪೆಡಸಾಗಿ, ತೆಳುವಾದ ಅಲಗನ್ನು ತೂರಿಸಿ ಮೆಲ್ಲನೆ ತಿರುಗಿಸಿದರೆ ಟಕ್ಕೆಂದು ಬಿಡುವುದು. ಕೆಲವೊಮ್ಮೆ ಕೀಲಿನ ಬದಲು ಭಾಗವೇ ಮುರಿಯುವುದೂ ಉಂಟು. ಆಗ ಅದರೊಳಗೆ ಕೂದಲೆಳೆಯಂಥ ರಂಧ್ರ ಕೊರೆದು, ತಂತಿಯ ಚೂರನ್ನು ಎಲುಬಾಗಿ ಸೇರಿಸಿ ಕೂಡಿಸುವನು. ಬಣ್ಣವನ್ನು ತೆಗೆಯಲು ಮದ್ಯಸಾರದಲ್ಲಿಯೋ, ಒಲೆ ತೊಳೆಯುವ ಕ್ಷಾರದಲ್ಲಿಯೋ, ಗಾಡಿಗಳ ಬ್ರೇಕಿಗೆ ಹಾಕುವ ದ್ರವದಲ್ಲಿಯೋ ದಿನಗಟ್ಟಲೆ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಕುಂಚದಿಂದ ಉಜ್ಜುವನು. ಎನಾಮೆಲ್ ಬಣ್ಣವಾದರೆ ಸಿಪ್ಪೆಯಂತೆ ಸುಲಿದುಬರುವುದು. ದೊಡ್ಡ ಗಾಡಿಗೆ ಹೊಡೆಯುವ ಉಗ್ರವಾದ ಬಣ್ಣವನ್ನು ಯಾವ ಹುಡುಗನಾದರೂ ತಂದೆಯ ಕೊಟ್ಟಿಗೆಯಿಂದ ಕದ್ದು ಬಳಿದಿದ್ದರೆ, ಅದು ಪ್ಲಾಸ್ಟಿಕ್ಕಿನ ಮೈಯನ್ನೇ ಸೀಳಿಸಿ ಒಣಗಿದ ಕೆರೆಯಂಗಳದಂತೆ ಮಾಡಿರುವುದು, ಅದಕ್ಕೆ ಮದ್ದಿಲ್ಲ.

ಬಂಪರು ಮೊದಲಾದ ಹೊಳೆಯುವ ಭಾಗಗಳ ಮೇಲಿರುವುದು ಬೆಳ್ಳಿಯಲ್ಲ, ಅಲ್ಯುಮಿನಿಯಮ್ಮು. ಗಾಳಿ ತೆಗೆದ ಪಾತ್ರೆಯೊಳಗೆ ಆ ಲೋಹವನ್ನು ಆವಿಯಾಗಿಸಿ, ಅರಗಿನಂಥ ಲೇಪವಿರುವ ಪ್ಲಾಸ್ಟಿಕ್ಕಿನ ಮೇಲೆ ಇಬ್ಬನಿಯಂತೆ ಕೂರಿಸಿರುವರು. ಸವೆದುಹೋದ ಹೊಳಪನ್ನು ಬಟ್ಟೆ ಬಿಳುಪುಮಾಡುವ ದ್ರವದಲ್ಲಿ ಅದ್ದಿ ತೆಗೆದು, ಅದೇ ವಿದ್ಯೆಯನ್ನು ಬಲ್ಲವರಲ್ಲಿಗೆ ಕಳುಹಿಸಿ ಮತ್ತೆ ಹೊದಿಸಬೇಕು. ಬಾಗಿಲ ಉದ್ದಕ್ಕೂ ಓಡುವ ಸಣ್ಣ ಲೋಹಪಟ್ಟಿಗಳಿಗೆ ಬೇರೊಂದು ಉಪಾಯ: ಉಸಿರು ತಾಗಿದರೆ ಹಾರುವಷ್ಟು ತೆಳುವಾದ ಲೋಹದ ರೇಕನ್ನು ಅಂಟಿಸಿ, ಹತ್ತಿಯಿಂದ ನೀವಿ, ಅಲಗಿನ ತುದಿಯಿಂದ ಅಂಚು ಕತ್ತರಿಸುವುದು. ಕೈ ನಡುಗಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ವ್ಯರ್ಥ. ಮೆತ್ತನೆಯ ವಿನೈಲ್ ಟೈರುಗಳು ಇನ್ನೊಂದು ಪೀಡೆ. ಅವುಗಳನ್ನು ಮೆತ್ತಗಾಗಿಸಲು ಬೆರಸಿರುವ ಎಣ್ಣೆಯಂಥ ಪದಾರ್ಥ ವರ್ಷಗಳಲ್ಲಿ ಹೊರಸೂಸಿ, ತಗುಲಿಕೊಂಡಿರುವ ಚಕ್ರವನ್ನು ತಿಂದುಹಾಕುವುದು. ಹಳದಿಗಟ್ಟಿದ ಅಂಟುಚಿತ್ರಗಳನ್ನು ಮಾತ್ರ ಸೂರ್ಯನಾರಾಯಣನೇ ಶುದ್ಧಿಮಾಡುವನು. ಕಿಟಕಿಯ ಗಾಜಿಗೆ ಅಂಟಿಸಿ ಕೆಲವು ವಾರ ಬಿಟ್ಟರೆ ಬೆಳ್ಳಗಾಗುವುವು. ಇಲ್ಲದ ಭಾಗವನ್ನು ಇನ್ನೊಂದು ಗಾಡಿಯಿಂದ ಎರವಲು ತಂದು, ಸಿಲಿಕೋನ್ ರಬ್ಬರಿನಲ್ಲಿ ಅದರ ಅಚ್ಚು ತೆಗೆದು, ರಾಳವನ್ನು ಹೊಯ್ದು ಪಡೆಯಬೇಕು. ಇಷ್ಟೆಲ್ಲ ಆಗಿ, ತೆಳ್ಳಗೆ ತೆಳ್ಳಗೆ ಬಣ್ಣ ಹೊಡೆದು, ನೀರಿನಲ್ಲಿ ನೆನಸಿದ ಉಪ್ಪುಕಾಗದದಿಂದ ತಿಕ್ಕಿ ಮಿರುಗಿಸುವ ಹೊತ್ತಿಗೆ ತಿಂಗಳುಗಳೇ ಕಳೆದಿರುವುವು.

ಕೆಲವು ವರ್ಷಗಳ ಹಿಂದೆ ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಅವನಲ್ಲಿಗೆ ಒಂದು ಪಾದರಕ್ಷೆಯ ಪೆಟ್ಟಿಗೆಯನ್ನು ತಂದಳು. ಅದರೊಳಗೆ ಹಳೆಯ ಅರಿವೆಯಲ್ಲಿ ಸುತ್ತಿದ್ದುದು 1962ರ ಷೆವ್ರೊಲೆ ಇಂಪಾಲ. ಅವಳ ತಂದೆ ಹನ್ನೆರಡನೆಯ ವಯಸ್ಸಿನಲ್ಲಿ ಕಟ್ಟಿದುದು. ತಂದೆ ತೀರಿಕೊಂಡು ಆಗ ಒಂದು ವರ್ಷವಾಗಿದ್ದಿತು. ಹುಡುಗನು ಮೂರು ಬಗೆಯಲ್ಲಿ ಒಂದನ್ನು ಆರಿಸಿಕೊಳ್ಳಲಾರದೆ ಮೂರನ್ನೂ ಒಂದರಲ್ಲಿಯೇ ಸೇರಿಸಿದ್ದನು: ಅಲಂಕಾರದ ಗಾಡಿಯ ಹಿಂಚಕ್ರದ ಮರೆ, ಪಂದ್ಯದ ಗಾಡಿಯ ಹೊಗೆಕೊಳವೆ, ಎರಡರ ಮೇಲೆಯೂ ಕಾರ್ಖಾನೆಯ ಬಂಪರು. ಗಾಢನೀಲಿಯ ಬಣ್ಣವನ್ನು ಕುಂಚದಿಂದ ದಪ್ಪನಾಗಿ ಬಳಿದಿದ್ದನು. ಮುಂಗಾಜು ಪೊರೆಬಂದ ಕಣ್ಣಿನಂತಿದ್ದಿತು. ಚಾವಣಿಯ ಬಲಗಡೆ, ಬಣ್ಣದ ಅಡಿಯಲ್ಲಿ, ಹೆಬ್ಬೆರಳಿನ ಸುಳಿಯೊಂದು ಆಳವಾಗಿ ಒತ್ತಿದ್ದಿತು. ಪ್ರತಿಯೊಂದನ್ನೂ ಆ ಗೃಹಸ್ಥನು ಗಮನಿಸಿ ತನ್ನ ಪುಸ್ತಕದಲ್ಲಿ ದೋಷಗಳ ಪಟ್ಟಿಯಾಗಿ ಬರೆದುಕೊಂಡನು.

“ಹೇಗೆ ಮಾಡಿಕೊಡಬೇಕು?” ಎಂದು ಕೇಳಿದನು.

“ಹೊಸದರಂತೆ” ಎಂದಳು.

ನಾಲ್ಕು ತಿಂಗಳು ಅವನು ಅದರ ಮೇಲೆ ದುಡಿದನು. ತನ್ನ ಕೈಯಿಂದ ಅಷ್ಟು ಚೆಲುವಾದ ಕೆಲಸ ಅದಕ್ಕೆ ಮುಂಚೆ ಆಗಿರಲಿಲ್ಲವೆಂದು ಅವನಿಗೇ ಅನಿಸಿತು. ಸಲ್ಲದ ಭಾಗಗಳನ್ನು ಬಿಡಿಸಿದನು. ಚಾವಣಿಯ ಹಳ್ಳವನ್ನು ತುಂಬಿ, ಒರಟಿನಿಂದ ನಯಕ್ಕೆ ಹಂತಹಂತವಾಗಿ ಕಾಗದವನ್ನು ಬದಲಿಸುತ್ತ ತಿಕ್ಕಿ, ಕನ್ನಡಿಯಂತೆ ಮಾಡಿದನು. ಆ ವರ್ಷ ಕಾರ್ಖಾನೆಯವರು ನಿಜವಾದ ಗಾಡಿಗೆ ಹೊಡೆಯುತ್ತಿದ್ದ ತಿಳಿನೀಲಿಯನ್ನೇ ಹೊಡೆದನು. ಅವಳು ಬಂದ ದಿನ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ದೀಪವನ್ನು ಹೊಂದಿಸಿ, ಗಾಡಿಯನ್ನು ಮಧ್ಯದಲ್ಲಿಟ್ಟಿದ್ದನು.

ಅವಳು ಬಹಳ ಹೊತ್ತು ನೋಡಿದಳು. “ಬಹಳ ಸುಂದರವಾಗಿದೆ” ಎಂದಳು. ಅನಂತರ ಅದನ್ನು ಎತ್ತಿಕೊಂಡು, ನೋಡದೆಯೇ, ತನ್ನ ಹೆಬ್ಬೆರಳನ್ನು ಚಾವಣಿಯ ಬಲಗಡೆಗೆ ಒಯ್ದಳು. ಬೆರಳು ಅಲ್ಲಿ ಜಾರಿತು. ಇನ್ನೊಮ್ಮೆ, ತುಸು ಮುಂದಕ್ಕೆ, ತುಸು ಹಿಂದಕ್ಕೆ ಹುಡುಕಿತು. ಆಮೇಲೆ ಅವಳು ಗಾಡಿಯನ್ನು ಬಟ್ಟೆಯ ಮೇಲೆ ಇಟ್ಟಳು. ಅವಳು ಚಿಕ್ಕವಳಿದ್ದಾಗ ತಂದೆ ಅವಳ ಬೆರಳನ್ನು ಆ ಗುಳಿಯಲ್ಲಿ ಇರಿಸಿ, ‘ನೋಡು, ಆಗ ನನ್ನ ಬೆರಳು ಇಷ್ಟೇ ಇದ್ದಿತು’ ಎನ್ನುತ್ತಿದ್ದನಂತೆ. ವರ್ಷವರ್ಷಕ್ಕೂ ಅವಳ ಬೆರಳು ಬೆಳೆದು, ಕೊನೆಗೊಂದು ದಿನ ಸರಿಯಾಗಿ ಹೊಂದಿಕೊಂಡಿತಂತೆ. ಇದನ್ನು ಅವಳು ದೂರಾಗಿ ಹೇಳಲಿಲ್ಲ. ಹೇಳಿ, ಹೊಸದರಂತೆ ಮಾಡಿರೆಂದು ತಾನೇ ಕೇಳಿದ್ದೆನೆಂದಳು. ತಂದೆಯ ಬೆರಳೂ ಆ ಮಾತಿನೊಳಗೆ ಸೇರುವುದೆಂದು ಅವಳಿಗೆ ಹೊಳೆದಿರಲಿಲ್ಲ.

ಆ ಮುದುಕನಿಗೆ ಮಾತು ಹೊರಡಲಿಲ್ಲ. ತಿಕ್ಕಿ ತೆಗೆದ ಪ್ಲಾಸ್ಟಿಕ್ಕು ನೀಲಿಯ ಕೆಸರಾಗಿ ನೀರಿನೊಡನೆ ಎಂದೋ ಹರಿದುಹೋಗಿದ್ದಿತು. ಸಂಬಳವನ್ನು ಬೇಡವೆಂದನು, ಅವಳು ಬಲವಂತವಾಗಿ ಮೇಜಿನ ಮೇಲಿಟ್ಟಳು. ಅವನ ಅಭ್ಯಾಸ ಒಂದಿದ್ದಿತು: ಬಿಡಿಸಿದ ಯಾವ ಭಾಗವನ್ನೂ ಎಸೆಯದೆ, ಮುಂದೆ ಎಂದಾದರೂ ಬೇಕಾದೀತೆಂದು ಚೀಲದಲ್ಲಿ ಕಟ್ಟಿಡುವುದು. ಸೊಟ್ಟಗೆ ಅಂಟಿಸಿದ್ದ ಆ ಹೊಗೆಕೊಳವೆಗಳು, ಚಕ್ರದ ಮರೆಗಳು, ಮಬ್ಬಾದ ಮುಂಗಾಜು, ಎಲ್ಲ ಅದರಲ್ಲಿದ್ದವು. ಏನು ಮಾಡುವುದೆಂದು ತೋಚದೆ ಅದನ್ನು ಅವಳ ಮುಂದೆ ಹಿಡಿದನು. ಅವಳು ಗಾಡಿಯನ್ನು ಪೆಟ್ಟಿಗೆಗೆ ಹಾಕಿ ಕಂಕುಳಲ್ಲಿಟ್ಟುಕೊಂಡು, ಚೀಲವನ್ನು ಕೈಯಲ್ಲಿಯೇ ಹಿಡಿದುಕೊಂಡು ಹೋದಳು.

ಇದರಲ್ಲಿ ತಪ್ಪು ಯಾರದು? ಕೇಳಿದುದನ್ನು ಕೊಟ್ಟವನದೆನ್ನಲಾಗದು, ತನಗೆ ಬೇಕಾದುದೇನೆಂದು ಕಳೆದುಕೊಂಡ ಮೇಲೆಯೇ ತಿಳಿದವಳದೂ ಎನ್ನಲಾಗದು. ಹಳೆಯ ಓಲೆಗರಿಗಳನ್ನು ಪರಿಷ್ಕರಿಸುವವರಿಗೆ ಈ ಸಂಕಟ ಹೊಸದಲ್ಲ. ಕವಿಯ ಪಾಠ ಒಂದು, ಲಿಪಿಕಾರನು ಬರೆದಿರುವುದು ಮತ್ತೊಂದು. ಪರಿಷ್ಕರ್ತನು ಲಿಪಿಕಾರನ ಸ್ಖಾಲಿತ್ಯವನ್ನು ತೆಗೆದು ಕವಿಯ ಪಾಠವನ್ನು ನಿಲ್ಲಿಸುವನು. ಅದು ಅವನ ಧರ್ಮ. ಆದರೆ ಓಲೆಯ ಕೊನೆಯಲ್ಲಿ ಬೆನ್ನು ಕೊರಳು ನೊಂದು ಬರೆದೆನೆಂದು ಹೇಳಿಕೊಂಡಿರುವ ಆ ಲಿಪಿಕಾರನು ಮನೆಯ ಮುತ್ತಜ್ಜನಾಗಿದ್ದರೆ? ಆಗ ಅವನ ತಪ್ಪೂ ಮನೆಯವರಿಗೆ ಒಂದು ಪಾಠವೇ. ಪ್ರಾಜ್ಞನಾದ ಪರಿಷ್ಕರ್ತನು ಶುದ್ಧಪಾಠವನ್ನು ಬೇರೆ ಹಾಳೆಯಲ್ಲಿ ಬರೆಯುವನಲ್ಲದೆ ಓಲೆಯನ್ನು ಹೆರೆಯುವುದಿಲ್ಲ. ಬೊಂಬೆಗಾಡಿಯಲ್ಲಿಯೂ ಇಬ್ಬರು ಕರ್ತೃಗಳು: ಅಚ್ಚು ಕೊರೆದ ಕಾರ್ಖಾನೆ ಒಬ್ಬ, ಅಂಟು ಹಿಂಡಿದ ಹುಡುಗ ಇನ್ನೊಬ್ಬ. ಜೀವಮಾನವೆಲ್ಲ ಅಚ್ಚುಗಳನ್ನೇ ಕೊರೆದಿದ್ದ ಆ ಗೃಹಸ್ಥನಿಗೆ ಮೊದಲನೆಯವನೇ ಕಂಡನು. ಎರಡನೆಯವನು ಕೇವಲ ದೋಷಗಳ ಪಟ್ಟಿಯಾಗಿ ಕಂಡನು. ಅವನ ಜಾಣತನವೇ ಅವನಿಗೆ ಮರೆಯಾಯಿತು.

ಅಂದಿನಿಂದ ಅವನು ಒಂದು ನಿಯಮವನ್ನು ಇಟ್ಟುಕೊಂಡನು. ಯಾರು ಗಾಡಿಯನ್ನು ತಂದರೂ ಮೊದಲು ಕಾಗದದ ಮೇಲೆ ಅದರ ನಾಲ್ಕು ಪಾರ್ಶ್ವಗಳನ್ನೂ ಚಾವಣಿಯನ್ನೂ ಬರೆದು ಮುಂದಿಡುವನು. ಯಾವ ಯಾವ ತಪ್ಪುಗಳು ಉಳಿಯಬೇಕೋ ಅವುಗಳ ಸುತ್ತ ವರ್ತುಲ ಹಾಕಿರೆಂದು ಬಳಪವನ್ನು ಕೈಗೆ ಕೊಡುವನು. ಒಡೆಯರಿಗೆ ಇದು ವಿಚಿತ್ರವಾಗಿ ತೋರುವುದು. ನಗುತ್ತ ಬಳಪ ಹಿಡಿದವರು, ಗಾಡಿಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ಮೌನವಾಗುವರು. ಒಬ್ಬರು ಸೊಟ್ಟಗಿರುವ ಬಂಪರಿಗೆ ವರ್ತುಲ ಹಾಕುವರು. ಇನ್ನೊಬ್ಬರು ಬಾಗಿಲ ಮೇಲೆ ತಲೆಕೆಳಗಾಗಿ ಅಂಟಿಸಿದ ಅಂಕಿಗೆ. ಗಾಡಿಯ ಒಳಗನ್ನು ಬಲಪಡಿಸಿ, ಕೊಳೆಯನ್ನು ತೊಳೆದು, ಮುರಿದುದನ್ನು ಕೂಡಿಸಿ, ವರ್ತುಲದೊಳಗಿನದನ್ನು ಅವನು ಮುಟ್ಟದೆ ಬಿಡುವನು. ಅವನ ತರಬೇತಾದ ಬೆರಳುಗಳಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಹಾಗೆಂದು ತಪ್ಪೆಲ್ಲ ಪೂಜ್ಯವೆಂಬ ಹೊಸ ಭ್ರಾಂತಿಗೂ ಅವನು 빠ಬೀಳಲಿಲ್ಲ.